ಮೋಡ ಕವಿದ ದಿನ ಬರುವ ವಾಸನೆ

ನಮ್ಮ ಮನೆಯ ಬಾಲ್ಕನಿಯ ಮೂಲೆಯಲ್ಲಿ ಎರಡು ವಾರ ಒಂದು ಪ್ಲಾಸ್ಟಿಕ್ ಬಾಟಲಿ ಕೂತಿತ್ತು. ಏಳನೇ ತರಗತಿಯಲ್ಲಿ ಓದುವ ಮೊಮ್ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಅದರೊಳಗೆ ಬಾಳೆಹಣ್ಣಿನ ಸಿಪ್ಪೆ, ಕೊಳೆತ ಸೊಪ್ಪು, ಒಂದು ಮುಷ್ಟಿ ಸಗಣಿ, ಒಂದಷ್ಟು ನೀರು ತುಂಬಿಸಿ, ಬಾಯಿಗೆ ಕೆಂಪು ಬಲೂನು ಬಿಗಿದು ಕಟ್ಟಿದ್ದಳು. ಬೆಂಗಳೂರಿನಲ್ಲಿ ಒಂದು ಮುಷ್ಟಿ ಸಗಣಿ ಹುಡುಕುವುದು ಎಷ್ಟು ಕಷ್ಟ ಎನ್ನುವುದು ನನಗೆ ಅವತ್ತೇ ತಿಳಿದದ್ದು. ಮೊದಲ ನಾಲ್ಕು ದಿನ ಬಲೂನು ಜೋತುಬಿದ್ದಿತ್ತು. ಐದನೆಯ ದಿನ ತಲೆ ಎತ್ತಿತು. ಹತ್ತನೆಯ ದಿನಕ್ಕೆ ಕಿತ್ತಳೆ ಹಣ್ಣಿನಷ್ಟು ದುಂಡಗಾಗಿತ್ತು.

"ಅಜ್ಜ, ಇದನ್ನ ಊದಿದ್ದು ಯಾರು ಹೇಳು ನೋಡೋಣ?" ಎಂದು ನನ್ನನ್ನೇ ಪರೀಕ್ಷೆ ಮಾಡಿದಳು.

ನಾನು ಓದಿದ್ದು ಬಿ.ಕಾಂ. ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಲೆಕ್ಕ ಬರೆದವನು. ವಿಜ್ಞಾನ ನನ್ನ ಪಾಠವಲ್ಲ. ಆದರೂ ಈ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿತ್ತು. ಅದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಎರಡು ಊರು. ಒಂದು ನನ್ನ ಹುಟ್ಟೂರು. ಇನ್ನೊಂದು ನಮ್ಮ ಬ್ಯಾಂಕಿನ ಅಟೆಂಡರನ ಊರು.

ನನ್ನ ಊರು ಸಾಗರದ ಕಡೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಅಣ್ಣ ಕೊಟ್ಟಿಗೆಯ ಹಿಂದೆ ಗೋಬರ್ ಗ್ಯಾಸ್ ಹಾಕಿಸಿದ. ದೊಡ್ಡ ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಸಗಣಿ ಕಲಸಿ ಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಡ್ರಮ್ಮು ಮೇಲಕ್ಕೆ ಎದ್ದಿರುತ್ತಿತ್ತು. ನಮ್ಮ ಅಮ್ಮನಿಗೆ ಮೊದಮೊದಲು ದೊಡ್ಡ ಸಂಕಟ. ಸಗಣಿಯ ಗ್ಯಾಸಿನಲ್ಲಿ ಬೇಯಿಸಿದ ಅನ್ನವನ್ನು ದೇವರ ನೈವೇದ್ಯಕ್ಕೆ ಇಡಬಹುದೋ ಇಲ್ಲವೋ ಎಂದು. "ಸಗಣಿಯಲ್ಲಿ ಸಾರಿಸಿದ ನೆಲದ ಮೇಲೇ ಅಲ್ಲವೇನೇ ದೇವರನ್ನ ಕೂರಿಸೋದು?" ಎಂದು ಅಪ್ಪ ಕೇಳಿದ ಮೇಲೆ ಸುಮ್ಮನಾದಳು. ತಿಂಗಳು ಕಳೆಯುವುದರೊಳಗೆ, ಹೊಗೆಯಿಲ್ಲದ ನೀಲಿ ಉರಿಯ ಮುಂದೆ ಕೂತು ದೋಸೆ ಹುಯ್ಯುತ್ತ, ಬಂದವರಿಗೆಲ್ಲ ಅದರ ಗುಣಗಾನ ಮಾಡುತ್ತಿದ್ದಳು.

ಆ ಡ್ರಮ್ಮಿನೊಳಗೆ ನಡೆಯುವುದೂ ಮೊಮ್ಮಗಳ ಬಾಟಲಿಯೊಳಗೆ ನಡೆಯುವುದೂ ಒಂದೇ ಜಾತಿಯ ಕೆಲಸ. ಗಾಳಿಯಾಡದ ಕಡೆ ತಿನ್ನುವ ವಸ್ತುವೋ ಎಲೆಯೋ ಸಗಣಿಯೋ ಒದ್ದೆಯಾಗಿ ಬಿದ್ದಿದ್ದರೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಹಂತಹಂತವಾಗಿ ಜೀರ್ಣ ಮಾಡುತ್ತವೆ. ಮೊದಲ ಪಂಕ್ತಿಯವು ದೊಡ್ಡ ವಸ್ತುಗಳನ್ನು ಒಡೆದು ಹುಳಿ ಮಾಡುತ್ತವೆ. ಆಗ ಬಲೂನಿಗೆ ತುಂಬುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಕೊನೆಯ ಪಂಕ್ತಿಯಲ್ಲಿ ಕೂರುವವು ಬಹಳ ನಿಧಾನದವು, ಗಾಳಿ ತಾಕಿದರೆ ಬದುಕದವು. ಅವು ಮಾಡುವುದು ಮೀಥೇನ್. ಅದೇ ಉರಿಯುವ ಅನಿಲ.

ಇದನ್ನು ಮೊದಲು ಹಿಡಿದು ನೋಡಿದವನು ಇಟಲಿಯ ಅಲೆಸಾಂಡ್ರೊ ವೋಲ್ಟಾ. ಬ್ಯಾಟರಿ ಕಂಡುಹಿಡಿದವನೂ ಅವನೇ, 'ವೋಲ್ಟ್' ಎನ್ನುವ ಮಾತು ಬಂದದ್ದೂ ಅವನ ಹೆಸರಿನಿಂದಲೇ. 1776ರಲ್ಲಿ ಮಜ್ಜೋರೆ ಎಂಬ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಪಾತ್ರೆಯಲ್ಲಿ ಹಿಡಿದು ಉರಿಸಿ ನೋಡಿದ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಕೊಳ್ಳಿದೆವ್ವದ ಕಥೆ ನೆನಪಿದೆಯೆ? ರಾತ್ರಿ ಕೆರೆಯಂಚಿನ ಜೌಗಿನಲ್ಲಿ ದೀಪ ಹೊತ್ತಿಸಿಕೊಂಡು ಓಡಾಡುವ ದೆವ್ವ. ಕೆಸರಿನಿಂದ ಎದ್ದ ಇಂಥ ಅನಿಲ ಹೊತ್ತಿಕೊಂಡು ಮಿನುಗುವುದನ್ನೇ ಜನ ದೆವ್ವ ಎಂದಿರಬೇಕು ಎನ್ನುತ್ತಾರೆ ತಿಳಿದವರು. ಮೊಮ್ಮಗಳಿಗೆ ಈ ವಿಷಯ ಹೇಳಿದಾಗ ಅವಳಿಗೆ ವೋಲ್ಟಾನಿಗಿಂತ ಕೊಳ್ಳಿದೆವ್ವವೇ ಹೆಚ್ಚು ಇಷ್ಟವಾಯಿತು.

ಮಕ್ಕಳೇ, ನೀವೂ ಬಾಟಲಿ ಪ್ರಯೋಗ ಮಾಡುವುದಾದರೆ ಮಾಡಿ. ಆದರೆ ಬಲೂನಿನ ಹತ್ತಿರ ಬೆಂಕಿ ತರಬಾರದು. ಬಿಚ್ಚುವಾಗ ಬಯಲಿನಲ್ಲಿ, ದೊಡ್ಡವರ ಎದುರಿಗೇ ಬಿಚ್ಚಬೇಕು. ಮೂಗು ಮುಚ್ಚಿಕೊಳ್ಳಿ ಎಂದು ಹೇಳಬೇಕಾಗಿಯೇ ಇಲ್ಲ.

ಇನ್ನು ಎರಡನೆಯ ಊರಿನ ವಿಷಯ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸ್ವಲ್ಪ ನಾಚಿಕೆಯಿದೆ.

2012ರಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಆ ಮಳೆಗಾಲ ಮರೆತಿರಲಾರದು. ಯಲಹಂಕದಾಚೆಯ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ನಗರದ ಕಸ ಸುರಿಯುತ್ತಿದ್ದರು. ಅಲ್ಲಿಯ ಜನ ನಮಗೆ ಸಾಕಾಯಿತು ಎಂದು ಲಾರಿಗಳಿಗೆ ಅಡ್ಡ ನಿಂತರು. ಜುಲೈ ತಿಂಗಳಲ್ಲಿ ಆ ಜಾಗ ಮುಚ್ಚಿತು. ನೋಡನೋಡುತ್ತಲೇ ನಗರದ ಬೀದಿಬೀದಿಯಲ್ಲಿ ಕಸ ಗುಡ್ಡೆಬಿತ್ತು. ಆಮೇಲೆ ಹೊರೆಯ ದೊಡ್ಡ ಪಾಲು ಹಳೇ ಮದ್ರಾಸ್ ರಸ್ತೆಯ ಕಡೆಯ ಮಂಡೂರಿಗೆ ತಿರುಗಿತು. ಅದೇ ವರ್ಷ, ಹಸಿ ಕಸ ಒಣ ಕಸ ಬೇರೆಬೇರೆ ಮಾಡಿ ಕೊಡಿ ಎನ್ನುವ ನಿಯಮವೂ ಬಂತು.

ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಸಭೆ ಸೇರಿತು. ನಾನು ಆಗಷ್ಟೇ ನಿವೃತ್ತನಾಗಿದ್ದೆ, ಮಾತಾಡುವ ಹುಮ್ಮಸ್ಸು ಜಾಸ್ತಿ. ಎದ್ದು ನಿಂತು ಹೇಳಿದೆ: "ತೆರಿಗೆ ಕಟ್ಟುತ್ತೇವೆ, ಒಯ್ಯುವುದು ಅವರ ಕೆಲಸ. ಮೂವತ್ತೆಂಟು ವರ್ಷ ನೋಟು ವಿಂಗಡಿಸಿದ್ದೇನೆ, ಇನ್ನು ಸಿಪ್ಪೆ ವಿಂಗಡಿಸಲಾರೆ." ಎಲ್ಲರೂ ನಕ್ಕರು, ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ನನಗೆ ಸಂತೋಷವಾಯಿತು. ಎಲ್ಲ ಕಸವೂ ಮೊದಲಿನಂತೆಯೇ ಒಂದೇ ಕಪ್ಪು ಚೀಲದಲ್ಲಿ ಹೋಗುತ್ತಲೇ ಇತ್ತು.

ಮರುವರ್ಷ ಶ್ರಾವಣದಲ್ಲಿ, ನಮ್ಮ ಶಾಖೆಯಲ್ಲಿ ಹನ್ನೆರಡು ವರ್ಷ ಜೊತೆಗೆ ಕೆಲಸ ಮಾಡಿದ ಅಟೆಂಡರನ ಮನೆಯ ಗೃಹಪ್ರವೇಶ. ಊರು ಮಂಡೂರಿನ ಆಸುಪಾಸಿನ ಒಂದು ಹಳ್ಳಿ. ಬಸ್ ಇಳಿದು ನಡೆಯುವಾಗ ಸಣ್ಣಗೆ ಮೋಡ ಹಾಕಿತ್ತು. ವಾಸನೆ ಮೂಗಿಗೆ ಬಡಿದದ್ದು ಮನೆ ಕಾಣುವುದಕ್ಕೂ ಮೊದಲು. ಕೊಳೆತ ಮೊಟ್ಟೆ, ಹುಳಿ ಹಿಟ್ಟು, ಸುಟ್ಟ ಪ್ಲಾಸ್ಟಿಕ್ಕು, ಎಲ್ಲ ಒಟ್ಟು ಕಲಸಿದ ಹಾಗೆ. ಊಟಕ್ಕೆ ಕೂತಾಗ ಬಡಿಸಿದ ಎಲೆಯ ಮೇಲೆ ಇನ್ನೊಂದು ಎಲೆ ಮುಚ್ಚುತ್ತಿದ್ದರು. ಇಬ್ಬರು ಹುಡುಗರು ಟವೆಲ್ ಬೀಸುತ್ತ ಪಂಕ್ತಿಯ ಉದ್ದಕ್ಕೂ ಓಡಾಡುತ್ತಿದ್ದರು. ಅಷ್ಟು ನೊಣ. ಪಾಯಸದಲ್ಲಿ ಬಿದ್ದ ಒಂದನ್ನು ಯಾರಿಗೂ ಕಾಣದಂತೆ ತೆಗೆದುಹಾಕಿ ಊಟ ಮಾಡಿದೆ. ಬೇಡ ಎನ್ನಲು ಮನಸ್ಸು ಬರಲಿಲ್ಲ. ಅವನು ಸಾಲ ಮಾಡಿ ಕಟ್ಟಿದ ಮನೆ.

ಅವನ ತಾಯಿ ಜಗುಲಿಯಲ್ಲಿ ಕೂತಿದ್ದರು. ಮಾತು ನಡುವೆ ಕೆಮ್ಮು. "ಮೋಡ ಮುಸುಕಿದ್ರೆ ಸಾಕು ಕಣಪ್ಪ, ಆ ಗುಡ್ಡ ಉಸುರು ಬಿಡ್ತದೆ" ಎಂದರು. ನಾನು ಮುಗುಳ್ನಕ್ಕೆ. ಹಳ್ಳಿಯ ಹಿರಿಯರ ಮಾತು, ಇರಲಿ ಎಂದುಕೊಂಡೆ.

ಬಸ್‌ಸ್ಟಾಪಿಗೆ ಬಿಡಲು ಬಂದ ಅಟೆಂಡರ್ ದಾರಿಯಲ್ಲಿ ನಗುತ್ತಲೇ ಹೇಳಿದ: "ಹೋದ ತಿಂಗಳು ನಮ್ಮ ಹೊಲಕ್ಕೆ ಗಾಳೀಲಿ ಏನೇನೋ ಹಾರಿಕೊಂಡು ಬಂದಿತ್ತು ಸಾರ್. ನೋಡಿದ್ರೆ ನಮ್ಮ ಬ್ರಾಂಚಿನ ಪೇ-ಇನ್ ಸ್ಲಿಪ್ಪು! ಸೀಲೂ ಇತ್ತು. ನಮ್ಮ ಬ್ರಾಂಚೇ ನಮ್ಮೂರಿಗೆ ಟ್ರಾನ್ಸ್‌ಫರ್ ಆಯ್ತಲ್ಲ ಅಂದ್ಕೊಂಡೆ."

ನಾನು ನಗಲಿಲ್ಲ. ಬ್ಯಾಂಕಿನ ಚೀಟಿ ಅಲ್ಲಿಗೆ ಬಂದಿದೆ ಎಂದರೆ ಬ್ಯಾಂಕಿನಿಂದ ಎರಡು ಬೀದಿ ಆಚೆಯ ನನ್ನ ಮನೆಯ ಕಪ್ಪು ಚೀಲವೂ ಅಲ್ಲಿಗೇ ಬಂದಿರಬೇಕು.

ಅವತ್ತಿನಿಂದ ಈ ವಿಷಯವನ್ನು ಓದಿ ತಿಳಿಯಲು ಶುರುಮಾಡಿದೆ. ನಿವೃತ್ತನಿಗೆ ಹೊತ್ತಿಗೇನು ಬರ.

ಕಸದ ಗುಡ್ಡ ಎಂದರೆ ಸುಮ್ಮನೆ ಬಿದ್ದಿರುವ ರಾಶಿಯಲ್ಲ. ನಮ್ಮ ಊರುಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಅಡುಗೆಮನೆಯ, ತರಕಾರಿ ಮಾರುಕಟ್ಟೆಯ ಹಸಿ ಕಸ. ಅದರ ಮೇಲೆ ದಿನವೂ ಲಾರಿಗಟ್ಟಲೆ ಬೀಳುತ್ತ ಹೋದರೆ ಕೆಳಗಿನ ಪದರಕ್ಕೆ ಗಾಳಿ ಸಿಕ್ಕುವುದಿಲ್ಲ. ಅಲ್ಲಿಗೆ ಇಡೀ ಗುಡ್ಡವೇ ಒಂದು ಗೋಬರ್ ಗ್ಯಾಸ್ ಗುಂಡಿಯಾಯಿತು. ಆದರೆ ಡ್ರಮ್ಮಿಲ್ಲದ, ಪೈಪಿಲ್ಲದ ಗುಂಡಿ. ಹುಟ್ಟಿದ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಇನ್ನು ನೂರಕ್ಕೆ ಒಂದು ಪಾಲಿನಷ್ಟು ಬೇರೆಬೇರೆ ಅನಿಲಗಳು.

ವಿಚಿತ್ರವೆಂದರೆ ಮೀಥೇನಿಗೆ ವಾಸನೆಯೇ ಇಲ್ಲ, ಬಣ್ಣವೂ ಇಲ್ಲ. ನಮ್ಮನ್ನು ಓಡಿಸುವ ದುರ್ನಾತವೆಲ್ಲ ಆ ಒಂದು ಪಾಲಿನದು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಎಷ್ಟು ಕಡಿಮೆ ಇದ್ದರೂ ಮೂಗು ಅದನ್ನು ಕಂಡುಹಿಡಿಯುತ್ತದೆ. ಅಕ್ಕಪಕ್ಕದ ಊರಿನವರಿಗೆ ತಲೆನೋವು, ಕಣ್ಣುರಿ, ಹೊಟ್ಟೆ ತೊಳಸುವಿಕೆ, ರಾತ್ರಿ ನಿದ್ದೆ ಬಾರದಿರುವುದು ಇದರಿಂದಲೇ. ಆಸ್ತಮಾ ಇರುವವರಿಗೆ, ಪುಟ್ಟ ಮಕ್ಕಳಿಗೆ, ನನ್ನಂಥ ವಯಸ್ಸಾದವರಿಗೆ ಇನ್ನೂ ಕಷ್ಟ. ಆದರೆ ಮುಚ್ಚಿದ ಗುಂಡಿಯಲ್ಲಿ ಈ ಅನಿಲ ಬಹಳ ಹೆಚ್ಚಿದ್ದರೆ ಮೂಗು ಸೋತು ವಾಸನೆಯೇ ಗೊತ್ತಾಗದಂತಾಗುತ್ತದೆ, ಆಗಲೇ ಅದು ಕೊಲ್ಲುವುದು. ಮ್ಯಾನ್‌ಹೋಲ್‌ಗೆ ಇಳಿದ ಕಾರ್ಮಿಕರು ಸತ್ತ ಸುದ್ದಿ ಇವತ್ತಿಗೂ ಪತ್ರಿಕೆಯಲ್ಲಿ ಓದುತ್ತೇವಲ್ಲ, ಅಲ್ಲಿ ಕಾದಿರುವುದು ಹೆಚ್ಚಾಗಿ ಇದೇ ಅನಿಲ. ಮನುಷ್ಯರನ್ನು ಹಾಗೆ ಇಳಿಸಬಾರದು ಎಂದು ಕಾನೂನಿದೆ. ಆದರೂ ಇಳಿಸುತ್ತಾರೆ.

ಚಳಿಗಾಲದ ಬೆಳಗ್ಗೆ ವಾಸನೆ ಹೆಚ್ಚು ಎಂದೂ ಆ ಊರಿನವರು ಹೇಳಿದ್ದರು. ಅದಕ್ಕೂ ಕಾರಣವಿದೆ. ರಾತ್ರಿ ನೆಲ ತಣ್ಣಗಾದಾಗ ನೆಲದ ಹತ್ತಿರದ ತಂಪು ಗಾಳಿ ಮೇಲೇಳದೆ ಕಂಬಳಿ ಹೊದ್ದಂತೆ ಅಲ್ಲೇ ಮಲಗಿರುತ್ತದೆ. ಅದರೊಳಗೆ ಬಂದ ಅನಿಲವೂ ಹೊಗೆಯೂ ಅಲ್ಲೇ ಉಳಿಯುತ್ತವೆ.

ಹಾಗಾದರೆ ಮೋಡ ಕವಿದರೆ ಗುಡ್ಡ ಉಸಿರು ಬಿಡುತ್ತದೆ ಎಂದ ತಾಯಿಯ ಮಾತು? ಅದರ ಉತ್ತರ ನನಗೆ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಹಳ್ಳಿಯ ಕಥೆಯಲ್ಲಿ.

ಡರ್ಬಿಶೈರ್ ಎನ್ನುವ ಪ್ರಾಂತದಲ್ಲಿ ಲಾಸ್ಕೋ ಎಂಬ ಊರು. ಅಲ್ಲಿ ಇಟ್ಟಿಗೆಗೆ ಮಣ್ಣು ತೆಗೆದು ಬಿಟ್ಟಿದ್ದ ಹಳೆಯ ಗುಂಡಿಗೆ ಮನೆಗಳ ಕಸ ತುಂಬಿ, 1982ರಲ್ಲಿ ತುಂಬುವುದನ್ನು ನಿಲ್ಲಿಸಿ, ಮೇಲೆ ಮಣ್ಣು ಮುಚ್ಚಿದ್ದರು. ನಾಲ್ಕು ವರ್ಷ ಕಳೆಯಿತು. 1986ರ ಮಾರ್ಚ್ 24ರ ಬೆಳಗ್ಗೆ, ಪಕ್ಕದ ಬೀದಿಯ ಒಂದು ಮನೆ ಸಿಡಿದು ಪೂರ್ತಿ ನೆಲಸಮವಾಯಿತು. ಒಳಗಿದ್ದ ಮೂವರು ಗಾಯಗೊಂಡರು, ಪುಣ್ಯಕ್ಕೆ ಜೀವ ಉಳಿಯಿತು. ಅಡುಗೆ ಗ್ಯಾಸು ಸೋರಿರಬೇಕು ಎಂದು ಯಾರಾದರೂ ಎಂದುಕೊಳ್ಳುವುದು ಸಹಜ. ತನಿಖೆಯಲ್ಲಿ ಗೊತ್ತಾದದ್ದು ಬೇರೆ. ಕಸದ ಗುಂಡಿಯ ಮೀಥೇನ್ ಮೇಲಕ್ಕೆ ಬರಲು ದಾರಿ ಸಾಲದೆ ನೆಲದೊಳಗಿನ ಕಲ್ಲಿನ ಬಿರುಕುಗಳಲ್ಲಿ ಅಡ್ಡಡ್ಡ ಹರಿದು ಆ ಮನೆಯ ನೆಲದಡಿಗೆ ತಲುಪಿತ್ತು.

ಅವತ್ತೇ ಯಾಕೆ? ಆ ರಾತ್ರಿ ಏಳು ಗಂಟೆಗಳ ಅವಧಿಯಲ್ಲಿ ವಾತಾವರಣದ ಒತ್ತಡ 29 ಮಿಲಿಬಾರ್‌ನಷ್ಟು ಇಳಿದಿತ್ತು. ನಮ್ಮ ರೇಡಿಯೋದಲ್ಲಿ 'ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ' ಎನ್ನುತ್ತಾರಲ್ಲ, ಅದೇ. ನಮ್ಮ ಮೇಲಿರುವ ಗಾಳಿಗೂ ಭಾರವಿದೆ. ಅದು ನೆಲವನ್ನು ಮುಚ್ಚಳದಂತೆ ಒತ್ತಿ ಹಿಡಿದಿರುತ್ತದೆ. ಮಳೆಯ ಮೋಡ ಕವಿಯುವ ಮೊದಲು ಆ ಭಾರ ಕಡಿಮೆಯಾಗುತ್ತದೆ. ಮುಚ್ಚಳ ಸಡಿಲವಾದರೆ ಕೆಳಗಿನ ಅನಿಲ ಹೊರಗೆ ನುಗ್ಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತಿರುಗಿಸಿದಾಗ ಗುಳ್ಳೆ ಏಳುವ ಹಾಗೆ.

ಇದನ್ನು ಓದಿದ ರಾತ್ರಿ ನನಗೆ ಜಗುಲಿಯ ಮೇಲಿನ ಆ ಹೆಂಗಸು ಕಣ್ಣ ಮುಂದೆ ಬಂದರು. ಅವರು ಶಾಲೆಗೆ ಹೋದವರಲ್ಲ. ಇಂಗ್ಲೆಂಡಿನವರು ಮನೆ ಸಿಡಿದ ಮೇಲೆ ತನಿಖೆ ಮಾಡಿ ಬರೆದದ್ದನ್ನು ಅವರು ಜಗುಲಿಯಲ್ಲಿ ಕೂತು ಮೂಗಿನಿಂದಲೇ ಕಂಡುಕೊಂಡಿದ್ದರು. ನಾನೋ ಮುಗುಳ್ನಕ್ಕು ಎದ್ದು ಬಂದಿದ್ದೆ.

ಮೀಥೇನ್ ಎಲ್ಲ ಹೊತ್ತಿನಲ್ಲೂ ಸಿಡಿಯುವುದಿಲ್ಲ. ನೂರು ಪಾಲು ಗಾಳಿಯಲ್ಲಿ ಐದು ಪಾಲಿಗಿಂತ ಕಡಿಮೆ ಇದ್ದರೆ ಹೊತ್ತುವುದಿಲ್ಲ, ಹದಿನೈದು ಪಾಲಿಗಿಂತ ಹೆಚ್ಚಿದ್ದರೂ ಉರಿಯಲು ಬೇಕಾದ ಆಮ್ಲಜನಕ ಸಾಲುವುದಿಲ್ಲ. ನಡುವಿನ ಆ ಹದ ಸಿಕ್ಕಿ ಒಂದು ಕಿಡಿ ಬಿದ್ದರೆ ಮಾತ್ರ ಅನಾಹುತ. ಬಯಲಿನ ಗುಡ್ಡದಲ್ಲಿ ಸಿಡಿತಕ್ಕಿಂತ ಬೆಂಕಿಯೇ ಹೆಚ್ಚು. ಕೊಳೆಯುವಾಗ ಒಳಗೇ ಬಿಸಿ ಹುಟ್ಟುತ್ತದೆ, ಮೇಲೆ ಬೇಸಗೆಯ ಬಿಸಿಲು, ಹೊರಬರುವ ಮೀಥೇನ್, ಜೊತೆಗೆ ಕಾಗದ ಪ್ಲಾಸ್ಟಿಕ್ಕುಗಳ ರಾಶಿ. ಯಾರೋ ಎಸೆದ ಬೀಡಿಯ ತುಂಡು ಸಾಕು.

ಮುಂಬಯಿಯ ದೇವನಾರ್‌ನಲ್ಲಿ 1927ರಿಂದ ಕಸ ಸುರಿಯುತ್ತಿದ್ದಾರೆ. ನಮ್ಮ ಅಪ್ಪ ಹುಡುಗನಾಗಿದ್ದ ಕಾಲದ ಕಸವೂ ಅದರ ತಳದಲ್ಲಿ ಇರಬೇಕು. 2016ರ ಜನವರಿ ಕೊನೆಯಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಎದ್ದ ಹೊಗೆ ಆಕಾಶದ ಉಪಗ್ರಹದ ಚಿತ್ರಗಳಲ್ಲೂ ಕಾಣಿಸಿತು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್ 2ರಂದು ಹೊತ್ತಿದ್ದು ಆರಲು ಹನ್ನೆರಡು ದಿನಗಳ ಹತ್ತಿರ ಹಿಡಿಯಿತು. ನೌಕಾಪಡೆಯ ಹೆಲಿಕಾಪ್ಟರ್ ಮೇಲಿನಿಂದ ನೀರು ಸುರಿಯಿತು. ಆದರೂ ಒಳಗಿನ ಕೆಂಡ ಆರಲಿಲ್ಲ. ಕೊನೆಗೆ ಯಂತ್ರಗಳಿಂದ ರಾಶಿಯನ್ನು ಅಗೆದು ಅಗೆದು ನೀರು ಹಾಯಿಸಬೇಕಾಯಿತು. ಅಲ್ಲೂ ಮಕ್ಕಳಿಗೆ ರಜೆ. ಶಾಲೆಗೆ ರಜೆ ಎಂದರೆ ಮೊಮ್ಮಗಳ ಮುಖ ಅರಳುತ್ತದೆ, ಸಹಜವೇ. "ಆಟ ಆಡಲು ಹೊರಗೆ ಹೋಗುವ ಹಾಗಿಲ್ಲ, ಕಿಟಕಿ ತೆಗೆಯುವ ಹಾಗಿಲ್ಲ" ಎಂದ ಮೇಲೆ "ಅದೆಂಥ ರಜೆ!" ಎಂದಳು.

ಕಸದ ಬೆಂಕಿಯ ಹೊಗೆ ಸೌದೆಯ ಹೊಗೆಯಂತಲ್ಲ. ಪ್ಲಾಸ್ಟಿಕ್, ರಬ್ಬರು, ಬಣ್ಣ ಬಳಿದ ಮರ ಎಲ್ಲ ಸುಟ್ಟು ಬರುವ ಅದರಲ್ಲಿ ಶ್ವಾಸಕೋಶದ ತಳಕ್ಕೆ ಇಳಿಯುವ ನುಣ್ಣನೆಯ ಮಸಿ, ಕಾರ್ಬನ್ ಮಾನಾಕ್ಸೈಡ್, ಡಯಾಕ್ಸಿನ್ ಎನ್ನುವ ಬಲು ಕೆಟ್ಟ ವಿಷ ಇರುತ್ತವೆ. ಡಯಾಕ್ಸಿನ್ ಮಣ್ಣಿಗೆ, ಮೇವಿಗೆ, ಅಲ್ಲಿಂದ ಹಾಲಿಗೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ.

ಮಂಡೂರಿನ ಜನವೂ ಸುಮ್ಮನೆ ಕೂರಲಿಲ್ಲ. 2014ರಲ್ಲಿ ರಸ್ತೆಗಿಳಿದರು. ಆ ವರ್ಷದ ಕೊನೆಗೆ ಲಾರಿಗಳು ನಿಂತವು. ಅಟೆಂಡರ್ ಫೋನ್ ಮಾಡಿ "ಗೆದ್ವಿ ಸಾರ್" ಎಂದ. ನಾನೂ ಸಂತೋಷಪಟ್ಟೆ, ಇನ್ನು ಇವರ ಕಷ್ಟ ತೀರಿತು ಎಂದುಕೊಂಡೆ.

ಆದರೆ ಲಾರಿ ನಿಂತರೆ ಗ್ಯಾಸು ನಿಲ್ಲುವುದಿಲ್ಲ. ನೆಲದೊಳಗಿನ ಕಸ ಇಪ್ಪತ್ತು ಮೂವತ್ತು ವರ್ಷ ಅನಿಲ ಬಿಡುತ್ತಲೇ ಇರಬಲ್ಲದು, ಮೊದಲು ಜೋರಾಗಿ, ಬರಬರುತ್ತ ಕಡಿಮೆಯಾಗಿ. ಮಳೆ ಬಿದ್ದು ಒದ್ದೆಯಾದಾಗ ಮತ್ತೆ ಚುರುಕಾಗುತ್ತದೆ. ಜೊತೆಗೆ ಕಸದೊಳಗಿಂದ ಇಳಿಯುವ ಕಪ್ಪು ರಸ ಬಾವಿ, ಕೆರೆಗಳಿಗೆ ಸೇರುವ ಕಷ್ಟ ಬೇರೆ. ಬ್ಯಾಂಕಿನಲ್ಲಿ ನಮಗೆ ಸಸ್ಪೆನ್ಸ್ ಅಕೌಂಟ್ ಅಂತ ಒಂದು ಇರುತ್ತಿತ್ತು. ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯದ ಎಂಟ್ರಿಯನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕಿ ಆ ದಿನದ ಪುಸ್ತಕ ಮುಚ್ಚುತ್ತಿದ್ದೆವು. ಸೋಮಾರಿ ಗುಮಾಸ್ತನಿಗೆ ಅದು ದೊಡ್ಡ ವರದಾನ. ಆಡಿಟರ್ ಬಂದಾಗ ಅಲ್ಲಿಂದಲೇ ಎಲ್ಲವೂ ಹೊರಬರುತ್ತಿತ್ತು. ಕಸದ ಗುಡ್ಡ ನಮ್ಮ ಊರಿನ ಸಸ್ಪೆನ್ಸ್ ಅಕೌಂಟ್. ವ್ಯತ್ಯಾಸ ಇಷ್ಟೇ, ಆಡಿಟರ್ ಬರುವುದು ನಮ್ಮ ಮನೆಗಲ್ಲ, ಅವರ ಮನೆಗೆ.

ಈ ಮೀಥೇನ್ ಊರಿನವರ ಮೂಗಿಗೆ ಸಿಗದೆ ಮೇಲೆ ಹೋಯಿತೆಂದರೆ ಪೀಡೆ ಕಳೆಯಿತು ಅಂತಲೂ ಅಲ್ಲ. ಆಕಾಶಕ್ಕೆ ಹೋಗಿ ಅದು ಸೂರ್ಯನ ಶಾಖವನ್ನು ಹಿಡಿದಿಡುತ್ತದೆ. ಒಂದು ಕೆ.ಜಿ. ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 28 ಕೆ.ಜಿ. ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಇಪ್ಪತ್ತೇ ವರ್ಷಗಳ ಲೆಕ್ಕ ಹಿಡಿದರೆ 80 ಕೆ.ಜಿ.ಗೂ ಹೆಚ್ಚು. ಲೋಕದಲ್ಲಿ ಮನುಷ್ಯರಿಂದ ಹೊರಬೀಳುವ ಮೀಥೇನಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಸ ಮತ್ತು ಚರಂಡಿ ನೀರಿನದು. ಒಂದು ಸಮಾಧಾನವೆಂದರೆ ಅದು ಆಕಾಶದಲ್ಲಿ ಸುಮಾರು ಹನ್ನೆರಡು ವರ್ಷವಷ್ಟೇ ಉಳಿಯುತ್ತದೆ. ಇವತ್ತು ಕಡಿಮೆ ಮಾಡಿದರೆ ಅದರ ಫಲವನ್ನು ಮೊಮ್ಮಗಳು ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವುದರೊಳಗೆ ಕಾಣಬಹುದು.

ಹಳೆಯ ಗುಡ್ಡಗಳಿಗೆ ಮದ್ದಿಲ್ಲವೆಂದಲ್ಲ. ರಾಶಿಯೊಳಗೆ ತೂತುಬಿದ್ದ ಕೊಳವೆಗಳನ್ನು ಇಳಿಸಿ ಅನಿಲವನ್ನು ಹೀರಿ ತೆಗೆಯುತ್ತಾರೆ. ಅದರಿಂದ ವಿದ್ಯುತ್ ಮಾಡುತ್ತಾರೆ, ಆಗದಿದ್ದರೆ ಅಲ್ಲೇ ಉರಿಸಿಬಿಡುತ್ತಾರೆ. ಹಾಗೆ ಉರಿಸಿದರೂ ಲಾಭವೇ, ಮೀಥೇನ್ ಹೋಗಿ ಅಷ್ಟು ಕೆಡುಕಿಲ್ಲದ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಮೇಲೆ ಒಳ್ಳೆಯ ಮಣ್ಣಿನ ಹೊದಿಕೆ ಹಾಕಿದರೆ, ಆ ಮಣ್ಣಿನಲ್ಲಿ ಮೀಥೇನನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಹುಟ್ಟಿಸುವವೂ ಸೂಕ್ಷ್ಮಜೀವಿ, ತಿನ್ನುವವೂ ಸೂಕ್ಷ್ಮಜೀವಿ! ಇನ್ನೊಂದು ದಾರಿ, ಹಳೆಯ ರಾಶಿಯನ್ನೇ ಅಗೆದು ಜರಡಿ ಹಿಡಿದು ಮಣ್ಣು, ಪ್ಲಾಸ್ಟಿಕ್, ಕಲ್ಲು ಬೇರೆ ಮಾಡಿ ಜಾಗ ಬಿಡಿಸುವುದು. ಇಂದೋರಿನವರು ದೇವಗುರಾಡಿಯಾದಲ್ಲಿ ಹೀಗೆ ತಮ್ಮ ಹಳೆಯ ಗುಡ್ಡವನ್ನು ಕರಗಿಸಿದರು. ಅಲ್ಲೇ 2022ರಲ್ಲಿ, ದಿನಕ್ಕೆ 550 ಟನ್ ಹಸಿ ಕಸ ಅರಗಿಸಬಲ್ಲ ದೊಡ್ಡ ಗ್ಯಾಸ್ ಘಟಕ ಶುರುವಾಯಿತು. ಅದರ ಗ್ಯಾಸಿನಿಂದ ಊರಿನ ಬಸ್ಸುಗಳು ಓಡುತ್ತವೆ. ನಮ್ಮ ಅಣ್ಣನ ಡ್ರಮ್ಮನ್ನೇ ದೊಡ್ಡದು ಮಾಡಿದಂತೆ. 'ಇಂದೋರ್ ನೋಡಿ ಕಲಿಯಿರಿ' ಎನ್ನುವ ಭಾಷಣ ಕೇಳಿ ಕೇಳಿ ನನಗೂ ಬೇಸರ ಬಂದಿದೆ. ಆದರೆ ಆ ಘಟಕ ನಡೆಯುವುದು ಅಲ್ಲಿಯ ಮನೆಗಳವರು ಹಸಿ ಕಸಕ್ಕೆ ಪ್ಲಾಸ್ಟಿಕ್ ಬೆರೆಸದೆ ಕೊಡುವುದರಿಂದ. ಬೆರೆಸಿ ಕೊಟ್ಟರೆ ಯಾವ ಯಂತ್ರವೂ ಅರಗಿಸಲಾರದು.

ಗೃಹಪ್ರವೇಶದಿಂದ ಬಂದ ಮೇಲೆ ನಮ್ಮ ಸಂಘದ ಮುಂದಿನ ಸಭೆಯಲ್ಲಿ ಎದ್ದು ನಿಂತು ಹಿಂದಿನ ಮಾತು ವಾಪಸು ತೆಗೆದುಕೊಂಡೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. "ಏನ್ ಸಾರ್, ಉಲ್ಟಾ ಹೊಡೆದ್ರಿ?" ಎಂದು ಒಬ್ಬರು ರೇಗಿಸಿದರು. ಮೂರು ಮನೆಯವರು ನಮ್ಮ ಜೊತೆ ಸೇರಿದರು, ಉಳಿದವರು ಸೇರಲು ವರ್ಷಗಳೇ ಹಿಡಿದವು. ಹೈಕೋರ್ಟಿನ ಆದೇಶದಿಂದ 'ಎರಡು ಡಬ್ಬಿ, ಒಂದು ಚೀಲ' ಬಂತು. ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ಡೈಪರ್, ಬ್ಯಾಂಡೇಜು ಇತ್ಯಾದಿ, ಚೀಲಕ್ಕೆ ಒಣ ಕಸ. ಹಸಿ ಕಸದ ಬಹುಪಾಲು ಈಗ ನಮ್ಮ ಬಾಲ್ಕನಿಯ ಮಣ್ಣಿನ ಮಡಕೆಯಲ್ಲೇ ಗೊಬ್ಬರವಾಗುತ್ತದೆ. ವಾರಕ್ಕೆರಡು ಸಲ ಕೆದಕಿ ಗಾಳಿಯಾಡಿಸುತ್ತೇನೆ. ಗಾಳಿ ಸಿಕ್ಕಿದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಜಾಗವಿಲ್ಲ. ಮೊದಲ ಆರು ತಿಂಗಳು ಹುಳ ಬಂದು ಹೆಂಡತಿಯಿಂದ ಬೈಸಿಕೊಂಡದ್ದೂ ನಿಜ. ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಪ್ರತಿ ಸಲವೂ ಮೇಲೆ ಹಾಕಬೇಕೆಂದು ನನಗೆ ಗೊತ್ತಿರಲಿಲ್ಲ.

ಬಾಟಲಿ ಪ್ರಯೋಗ ನಡೆದ ತಿಂಗಳು ನಾನೂ ಮೊಮ್ಮಗಳೂ ಸೇರಿ ಇನ್ನೊಂದು ಲೆಕ್ಕ ಮಾಡಿದೆವು. ಮೂವತ್ತು ದಿನ ಮನೆಯ ಹಸಿ ಕಸವನ್ನು ತಕ್ಕಡಿಯಲ್ಲಿ ತೂಗಿ ಬರೆದೆವು. ಐದು ಜನರ ಮನೆಯಲ್ಲಿ ಒಟ್ಟು 21 ಕೆ.ಜಿ., ಅಂದರೆ ದಿನಕ್ಕೆ 700 ಗ್ರಾಂ, ವರ್ಷಕ್ಕೆ 255 ಕೆ.ಜಿ. ಈ ಮನೆಗೆ ಬಂದ 1988ರಿಂದ 2013ರವರೆಗೆ ಇಪ್ಪತ್ತೈದು ವರ್ಷ ಕಪ್ಪು ಚೀಲದಲ್ಲಿ ಕಳಿಸಿದ್ದೆ. ಮೊಮ್ಮಗಳು ಗುಣಿಸಿದಳು: 6,375 ಕೆ.ಜಿ. ಒಂದು ಲಾರಿ ಲೋಡು.

"ಅದೆಲ್ಲ ಈಗ ಎಲ್ಲಿದೆ ಅಜ್ಜ?" ಎಂದಳು.

ಒಂದಷ್ಟು ಆ ಗುಡ್ಡದಲ್ಲಿ, ಒಂದಷ್ಟು ಅದಕ್ಕೂ ಹಿಂದಿನ ಇನ್ಯಾವುದೋ ಊರಿನ ಗುಡ್ಡದಲ್ಲಿ ಎಂದೆ. ಅವಳು ಅದನ್ನು ನೋಡಲೇಬೇಕು ಎಂದು ಹಟ ಹಿಡಿದಳು. ಅಟೆಂಡರನಿಗೆ ಫೋನ್ ಮಾಡಿದೆ. ಅವನಿಗೂ ಈಗ ನಿವೃತ್ತಿಯಾಗಿದೆ. ತಾಯಿ ಹೇಗಿದ್ದಾರೆ ಎಂದರೆ, ಇದ್ದಾರೆ, ಕೆಮ್ಮೂ ಇದೆ ಎಂದ. ಗುಡ್ಡದ ಮೇಲೆ ಈಗ ಹುಲ್ಲು ಬೆಳೆದಿದೆಯಂತೆ, ದೂರದಿಂದ ನೋಡಿದವರಿಗೆ ಗುಡ್ಡವೆಂದೇ ಅನ್ನಿಸುತ್ತದೆಯಂತೆ.

"ಯಾವಾಗ ಬರೋಣ?" ಎಂದು ಕೇಳಿದೆ.

"ಯಾವಾಗ ಬೇಕಾದ್ರೂ ಬನ್ನಿ ಸಾರ್, ಮಗೂನೂ ಕರ್ಕೊಂಡ್ ಬನ್ನಿ. ಮೋಡ ಇಲ್ಲದ ದಿನ ನೋಡಿಕೊಂಡು ಬನ್ನಿ, ಅಷ್ಟೇ."